ಸಾಲಿನಲ್ಲಿ ಬಿಟ್ಟ ಜಾಗ

"ನೆರಳು ಸರಿಸು ಮಗಾ. ಗುಂಡಿಯ ಮೂಲೆ ಕಾಣ್ತಿಲ್ಲ."

ರೋಲಾಕ್ ಮುದುಕನ ದನಿ ನೆಲದೊಳಗಿಂದ ಬಂತು. ಮೇಲೆ ನಿಂತಿದ್ದ ಕಾನ್‌ಸ್ಟೇಬಲ್ ಎವಾಲ್ಡ್ ನೋಸ್ಕೆ ಹಿಂದಕ್ಕೆ ಸರಿದ. ಹಿಮ್ಮಡಿಯ ಲಾಳ ಕಲ್ಲಿಗೆ ತಾಗಿ ಟಕ್ ಎಂದಿತು. ಸರ್ಕಾರಿ ಬೂಟು, ಎಲ್ಲಿ ಕಾಲಿಟ್ಟರೂ ಊರಿಗೆಲ್ಲ ಸಾರಿಯೇ ಇಡುತ್ತಿತ್ತು.

"ಈ ವಯಸ್ಸಲ್ಲಿ ನೀವು ಗುಂಡಿಗೆ ಇಳೀಬೇಡಿ, ಯಾರನ್ನಾದ್ರೂ ಕರೆಸ್ತೀನಿ ಅಂದೆ."

"ಇಳಿಯೋದು ಅಭ್ಯಾಸ ಆಗಿರಲಿ ಅಂತ. ನಾಳೆ ಮಲಗಿಸಿದಾಗ ಹೊಸ ಜಾಗ ಅನ್ನಿಸಬಾರದು."

ಎವಾಲ್ಡ್ ನಗಲಿಲ್ಲ. ಸೋಮವಾರ ಚರ್ಚಿನ ಪಾದ್ರಿಯ ಕೋಣೆಯಲ್ಲಿ ಗೆದ್ದಲು ತಿಂದ ಹಲಗೆಗಳನ್ನು ಕಿತ್ತಾಗ ಅಡಿಯ ಮಣ್ಣಿನಲ್ಲಿ ಮನುಷ್ಯನ ಮೂಳೆಗಳು ಸಿಕ್ಕಿದ್ದವು. ಇವತ್ತು ಗುರುವಾರ, ಯುದ್ಧಕಾಲದಲ್ಲಿ ಕಾಣೆಯಾದ ಕಾನ್ರಾಡ್ ಮಿಕಾನ್ ಮೇಷ್ಟರ ಹೆಸರಿನಲ್ಲಿ ಅವನ್ನು ಮಣ್ಣು ಮಾಡುವ ದಿನ.

ಆ ಹೆಸರು ಕೊಟ್ಟವನು ಎವಾಲ್ಡನೇ.

ಬೆಳಿಗ್ಗೆ ಮೇಷ್ಟರ ಹೆಂಡತಿ ಒಟಿಲಿಯಾಳ ಅಡುಗೆಮನೆಯಲ್ಲಿ ಕೂತು, ಅವಳು ಬಡಿಸಿದ ಕೇಕನ್ನು ತಿಂದು, ಕಾಫಿ ಕುಡಿದು, "ಅವರೇ ಅಮ್ಮಾ, ಅನುಮಾನ ಬೇಡ" ಎಂದಿದ್ದ. ಶವಸಂಸ್ಕಾರಕ್ಕೆಂದು ಮಾಡಿದ ಕೇಕು. ಮೇಲೆ ಬೆಣ್ಣೆ, ಸಕ್ಕರೆ, ಹಿಟ್ಟಿನ ಪುಡಿ ಉದುರಿಸಿ ಹದವಾಗಿ ಬೇಯಿಸಿದ್ದಳು. ಎರಡನೆಯ ತುಂಡಿಗೂ ಅವನು ಬೇಡವೆನ್ನಲಿಲ್ಲ. 

"ನಿಮಗೆ ಖಚಿತವಾ ಎವಾಲ್ಡ್?" ಎಂದು ಅವಳು ಕೇಳಿದ್ದಳು. ಕಪ್ಪು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಕೈ ನಿಂತಿರಲಿಲ್ಲ.

"ಖಚಿತ. ಅವರ ಶ್ರುತಿಕವೆಯೇ ಸಿಕ್ಕಿದೆಯಲ್ಲ. ಮೊದಲ ದಿನವೇ ನನ್ನ ಕಣ್ಣಿಗೆ ಬೀಳಬೇಕಿತ್ತು, ತಪ್ಪಿಸಿಕೊಂಡಿತು. ಕ್ಷಮಿಸಬೇಕು ನೀವು."

"ಇರಲಿ ಬಿಡಿ. ಎಲ್ಲರ ಕಣ್ಣೂ ಒಂದೊಂದು ಸಲ ತಪ್ಪುತ್ತೆ." ಆಮೇಲೆ ಅವಳು ಮೆಲ್ಲಗೆ ಸೇರಿಸಿದ್ದಳು: "ಅದನ್ನ ಯಾರಿಗೂ ತೋರಿಸಬೇಡಿ. ಊರವರೆಲ್ಲ ಮುಟ್ಟಿ ನೋಡೋದು ಬೇಡ. ಪೆಟ್ಟಿಗೆ ಮುಚ್ಚೋ ಹೊತ್ತಿಗೆ ನನ್ನ ಕೈಗೆ ಕೊಡಿ."

ಹಾಗಾಗಿ ಶ್ರುತಿಕವೆ, ಸ್ವರ ಹಿಡಿಯುವ ಆ ಎರಡು ಕಾಲಿನ ಉಕ್ಕಿನ ಕಡ್ಡಿ, ಎವಾಲ್ಡನ ಎದೆಯ ಜೇಬಿನಲ್ಲಿ, ಕರವಸ್ತ್ರದೊಳಗೆ ಇತ್ತು. ಚರ್ಚಿನಲ್ಲಿ ಹಾಡು ಎತ್ತಿಕೊಡುವ ಮುನ್ನ ಮೇಷ್ಟರು ಅದನ್ನು ಬೆಂಚಿಗೆ ತಟ್ಟಿ ಕಿವಿಗೆ ಹಿಡಿಯುತ್ತಿದ್ದ ರೀತಿ ನಾಯ್‌ಹೈನಿನಲ್ಲಿ ಓದಿದ ಯಾವ ಮಗುವೂ ಮರೆತಿರಲಿಲ್ಲ.

ಯುದ್ಧದ ಹೊತ್ತಿಗೆ ಊರಿನ ಜರ್ಮನ್ ಹೆಸರು ಅಳಿಸಿ ಸರ್ಕಾರ ಇಟ್ಟ ಹೆಸರು ವಾರ್ಡ್‌ಲಿ. ನಕಾಶೆಯಲ್ಲಿ ಮಾತ್ರ ವಾರ್ಡ್‌ಲಿ.

ಆದರೆ ಎವಾಲ್ಡ್ ಗುಂಡಿಯ ಕಡೆ ನೋಡುತ್ತಿರಲಿಲ್ಲ. ಅವನ ಕಣ್ಣು ಹಿಂದಕ್ಕೆ, ಹಳೆಯ ಸಮಾಧಿಗಳ ಸಾಲಿನ ಮೇಲೆ ಹೋಗಿ ಅಲ್ಲೇ ಅಂಟಿಕೊಂಡಿತ್ತು.

ನಾಯ್‌ಹೈನಿನ ಸ್ಮಶಾನದಲ್ಲಿ ಮನೆತನಕ್ಕೊಂದು ಮೂಲೆ ಇಲ್ಲ. ಗಂಡನ ಪಕ್ಕ ಹೆಂಡತಿ, ಅಪ್ಪನ ಪಕ್ಕ ಮಗ ಎಂಬ ಲೆಕ್ಕವಿಲ್ಲ. ಅರಸನ ಹೊಸ ಪ್ರಾರ್ಥನಾಕ್ರಮವನ್ನು ಒಪ್ಪದೆ ಜರ್ಮನ್ ಸೀಮೆಯ ಸೈಲೀಸಿಯಾ ಬಿಟ್ಟು ಹಡಗು ಹತ್ತಿದ ಅಜ್ಜಂದಿರು ಹಾಕಿದ ಕಟ್ಟಳೆ: ದೇವರು ಯಾರನ್ನು ಮೊದಲು ಕರೆಯುತ್ತಾನೋ ಅವರು ಮೊದಲು. ಸತ್ತ ಸರದಿಯಲ್ಲೇ ಸಾಲು. ಹತ್ತಾರು ಎಕರೆಯ ದ್ರಾಕ್ಷಿತೋಟದ ಒಡೆಯನಿಗೂ ಪೀಪಾಯಿ ತೊಳೆಯುವವನಿಗೂ ಒಂದೇ ಅಳತೆ. ಬೇಲಿಯ ಜಗಳದಲ್ಲಿ ಜೀವಮಾನವಿಡೀ ಮುಖ ನೋಡದ ಗ್ರೇಟ್ಸ್ ಮತ್ತು ನೋಆಕ್, ಒಂದೇ ವಾರದಲ್ಲಿ ಸತ್ತು ಈಗ ಭುಜಕ್ಕೆ ಭುಜ ತಾಗಿಸಿ ಮಲಗಿದ್ದರು. "ಈಗ ಬೇಲಿ ಹಾಕಿಕೊಳ್ಳಲಿ ನೋಡೋಣ" ಎಂದು ಊರು ಇಂದಿಗೂ ನಗುತ್ತಿತ್ತು.

ತಮ್ಮ ಕೈಯಾರೆ ಪ್ರಾಣ ಬಿಟ್ಟವರಿಗೆ ಮಾತ್ರ ಸಾಲಿನಲ್ಲಿ ಜಾಗವಿಲ್ಲ. ಅವರು ಬೇಲಿಯ ಬುಡಕ್ಕೆ; ಗಂಟೆಯೂ ಇಲ್ಲ, ಹಾಡೂ ಇಲ್ಲ.

ಎವಾಲ್ಡ್ ಸಾಲಿನ ಉದ್ದಕ್ಕೂ ನಡೆದ. ಹೊಸ ಕಲ್ಲುಗಳಿಂದ ಹಳೆಯ ಕಲ್ಲುಗಳ ಕಡೆಗೆ. ಯುದ್ಧ ಮುಗಿದ ಮೇಲಿನವರು, ಜ್ವರದಲ್ಲಿ ಹೋದವರು, ಯುದ್ಧದ ನಡುವಿನವರು. ಆಗಸ್ಟಿನ ತಂಪಿಗೆ ಹುಳಿಸೊಪ್ಪು ಎಲ್ಲೆಲ್ಲೂ ಎದ್ದು, ಹಳದಿ ಹೂವಿನ ಕಂಬಳಿ ಹಾಸಿದಂತಿತ್ತು.

ಆನ್ನಾ ಶಿರ್ಮರ್, ಸಾವಿರದ ಒಂಬೈನೂರ ಹದಿನೇಳನೆಯ ಇಸವಿ, ಆಗಸ್ಟ್. ಅದರ ಈಚೆಗೆ ಮುದುಕ ಕ್ಲೈನಿಗ್, ಅದೇ ವರ್ಷ ಸೆಪ್ಟೆಂಬರ್.

ಇಬ್ಬರ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಖಾಲಿ.

ಹೂವಿತ್ತು, ಹುಲ್ಲಿತ್ತು, ಕಲ್ಲಿರಲಿಲ್ಲ. ಇಡೀ ಸಾಲಿನಲ್ಲಿ ಇದೊಂದೇ, ಬಾಯಲ್ಲಿ ಹಲ್ಲು ಬಿದ್ದಂಥ ಜಾಗ. ಚಿಕ್ಕವನಿದ್ದಾಗ ಈ ಸಾಲು ಇಲ್ಲಿಯವರೆಗೆ ಬಂದಿರಲಿಲ್ಲ. ಬಂದಾಗ ಅವನು ಅಡಿಲೇಡಿನಲ್ಲಿ ಪೊಲೀಸು ಕೆಲಸ ಕಲಿಯುತ್ತಿದ್ದ. ಊರಿಗೆ ವರ್ಗವಾಗಿ ಬಂದ ಮೇಲೂ ಭಾನುವಾರ ಭಾನುವಾರ ಇದರ ಪಕ್ಕದಲ್ಲೇ ನಡೆದು ಚರ್ಚಿಗೆ ಹೋಗಿದ್ದ. ನೋಡಿರಲಿಲ್ಲ. ಮತ್ತೆ ಕಣ್ಣು ತಪ್ಪಿತ್ತು.

ಮೇಷ್ಟರು ಕಾಣೆಯಾದದ್ದು ಅದೇ ಆಗಸ್ಟಿನಲ್ಲಿ.

ಊರು ಅವನು ಓಡಿಹೋದನೆಂದಿತು. ಜರ್ಮನ್ ಶಾಲೆಗಳಿಗೆ ಸರ್ಕಾರ ಬೀಗ ಹಾಕಿದ ಮೇಲೆ ಸೆರೆಗೆ ಹೆದರಿ, ಹೆಂಡತಿಯನ್ನು ನಡುನೀರಿನಲ್ಲಿ ಬಿಟ್ಟು, ಯಾವುದೋ ಹಡಗು ಹತ್ತಿದ ಎಂದಿತು. ಸತ್ತನೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ, ಸರಿಯಾಗಿ ಅವನು ಸತ್ತ ಸರದಿಯಲ್ಲಿ, ಅವನ ಜಾಗವನ್ನು ಬಿಟ್ಟವರು ಯಾರು?

ಕೊಂದವನು ಹೆಣ ಮುಚ್ಚಿಡಬಲ್ಲ. ಆದರೆ ಈ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವನು ಸತ್ತವನ ಸರದಿಯನ್ನು ಕದಿಯಲಾರ. ಕೈ ಬರುವುದಿಲ್ಲ. ಬೇರೆ ಊರಿನವನಾಗಿದ್ದರೆ ಈ ತಪ್ಪು ಮಾಡುತ್ತಲೇ ಇರಲಿಲ್ಲ.

ಹದಿನೇಳರಲ್ಲಿ ಸಾಲಿನ ಅಳತೆ ಹಿಡಿದು ಗುಂಡಿ ತೋಡುತ್ತಿದ್ದವನು ಒಬ್ಬನೇ, ಈಗಲೂ ಗುಂಡಿಯೊಳಗೆ ನಿಂತಿರುವ ಆ ಮುದುಕ. ಪಾದ್ರಿಯ ಕೋಣೆಗೆ ಹಲಗೆ ಹಾಸಿದವನೂ ಅವನೇ. ದೀಕ್ಷಾಸ್ನಾನದ ಹೊತ್ತಿನಲ್ಲಿ ಎವಾಲ್ಡನನ್ನು ಎತ್ತಿಕೊಂಡು, ಈ ಮಗುವಿನ ಆತ್ಮಕ್ಕೆ ನಾನು ಜಾಮೀನು ಎಂದವನೂ ಅವನೇ. ಅದಕ್ಕೇ ಎವಾಲ್ಡನ ಬಾಯಲ್ಲಿ ಅವನು ದೊಡ್ಡಪ್ಪ.

ಎವಾಲ್ಡ್ ಅಲ್ಲೇ ಮಂಡಿಯೂರಿದ. ಬಗ್ಗಿ ಖಾಲಿ ಜಾಗವನ್ನು ನೋಡಿದ. ಹೂವಿನ ಕಂಬಳಿಯ ನಡುಭಾಗದಲ್ಲಿ, ರೊಟ್ಟಿ ಬೇಯಿಸುವ ತಟ್ಟೆಯಷ್ಟು ಅಗಲಕ್ಕೆ, ಹಳದಿ ಇರಲಿಲ್ಲ. ಕೆದಕಿದ ಮಣ್ಣು, ಬಾಡಿದ ಗಡ್ಡೆಗಳು. ಮೊಲ ತೋಡಿರಬೇಕು ಎಂದುಕೊಂಡ. ತನಗೆ ಎಲ್ಲದರಲ್ಲೂ ಅನುಮಾನ ಹುಟ್ಟುವ ಚಾಳಿ ಇದೆಯೆಂದು ಮೇಲಧಿಕಾರಿಗಳು ನಗುತ್ತಿದ್ದುದು ನೆನಪಾಗಿ, ಅದನ್ನು ಅಲ್ಲಿಗೇ ಬಿಟ್ಟ.

ಹಿಂದಿರುಗಿ ಬಂದು ಗುಂಡಿಯ ಅಂಚಿನಲ್ಲಿ ಕೈ ಚಾಚಿದ.

"ದೊಡ್ಡಪ್ಪ, ಮೇಲೆ ಬನ್ನಿ. ಒಂದು ಮಾತಿದೆ."

"ಪೊಲೀಸಿನ ಮಾತೋ, ನಮ್ಮ ಹುಡುಗನ ಮಾತೋ?"

"ಎರಡೂ ಒಂದೇ ಬಾಯಲ್ಲಿ ಬರ್ತವೆ. ಏನು ಮಾಡಲಿ?"

ಮುದುಕ ಅವನ ಮುಖ ನೋಡಿದ. ಸನಿಕೆಯನ್ನು ಮಣ್ಣಿನಲ್ಲಿ ಚುಚ್ಚಿ ನಿಲ್ಲಿಸಿ, ಕೈ ಹಿಡಿದು ಮೇಲೆ ಬಂದ. ಅಷ್ಟು ದೊಡ್ಡ ಮೈಯಲ್ಲಿ ಭಾರವೇ ಇರಲಿಲ್ಲ.

ಇಬ್ಬರೂ ಗೋಪುರದ ಬುಡದ ಕೋಣೆಗೆ ಹೋದರು. ಗಂಟೆಯ ಹಗ್ಗ ಮೇಲಿನ ಕತ್ತಲಿನಿಂದ ಇಳಿದು ಗೋಡೆಯ ಗೂಟಕ್ಕೆ ಸುತ್ತಿಕೊಂಡಿತ್ತು. ಗೋಡೆ ತೊರೆಯ ಕಲ್ಲಿನದು. ಮೊದಲ ಚರ್ಚು ಮಣ್ಣಿನ ಗುಡಿಸಲು. ಆಮೇಲೆ ಮನೆಮನೆಯವರೂ ತೊರೆಯಿಂದ ಕಲ್ಲು ಹೊತ್ತು ಇದನ್ನು ಕಟ್ಟಿದರು. ಕಟ್ಟಿ ಮುಗಿಸುವಷ್ಟರಲ್ಲಿ, ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಭೂಮಿಯ ಮೇಲೋ ಪರಲೋಕದಲ್ಲೋ ಎಂದು ಜಗಳವಾಗಿ ಅರ್ಧ ಊರು ತೊರೆಯಾಚೆ ಹೋಗಿ ಬೇರೆ ಚರ್ಚು ಎಬ್ಬಿಸಿತು. ಹೋಗುವಾಗ ತಾವು ಹೊತ್ತ ಕಲ್ಲು ವಾಪಸು ಕೇಳಿದರಂತೆ. ಕೊಡಲಿಲ್ಲ.

"ಕೂರಿ."

"ನನ್ನ ಚರ್ಚಲ್ಲಿ ನನಗೇ ಕೂರು ಅಂತೀಯ." ಆದರೂ ಬೆಂಚಿನ ಮೇಲೆ ಕೂತ. "ಕೇಳು. ಮೂಳೆ ಸಿಕ್ಕಾಗಿನಿಂದ ಊರೆಲ್ಲ ತೊರೆಯಾಚೆಯವರೇ ಕೊಂದರು ಅಂತಿದೆ. ನೀನೂ ಹಾಗೇ ಅಂದಿದ್ರೆ ಸುಖವಾಗಿ ಮುಗೀತಿತ್ತು."

"ಆನ್ನಾ ಶಿರ್ಮರ್ ಪಕ್ಕದ ಜಾಗ ಯಾಕೆ ಬಿಟ್ಟಿರಿ?"

ಮುದುಕನ ಕೈ ತನಗೆ ತಾನೇ ಅಂಗಿಯ ಕತ್ತಿನ ಗುಂಡಿಗೆ ಹೋಯಿತು. ಹಾಕಿದ್ದ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡ.

"ಕೆಳಗೆ ಬಂಡೆ ಇದೆ."

"ಬಂಡೆ ಇದೆಯೋ ಇಲ್ಲವೋ ಸನಿಕೆ ತಂದು ನೋಡಿಬಿಡಲಾ?"

"ಮುಟ್ಟಬೇಡ."

ಆ ಮಾತು ಪ್ರಶ್ನೆ ಮುಗಿಯುವ ಮುನ್ನವೇ ಬಂದಿತ್ತು.

"ದೊಡ್ಡಪ್ಪ," ಎವಾಲ್ಡ್ ದನಿ ತಗ್ಗಿಸಿದ, "ಮಧ್ಯಾಹ್ನ ಪಾದ್ರಿಗಳು ಪೆಟ್ಟಿಗೆ ಮೇಲೆ ಮಣ್ಣು ಹಾಕಿ ಮೇಷ್ಟರ ಹೆಸರು ಹೇಳ್ತಾರೆ. ಹೇಳಿದ ಮೇಲೆ ಅದನ್ನ ತೆಗೆಸೋಕೆ ಅಡಿಲೇಡಿನಿಂದ ಅಪ್ಪಣೆ ಬೇಕು. ಅವರು ಕೊಡಲ್ಲ. ಅಷ್ಟರೊಳಗೆ ಒಟಿಲಿಯಮ್ಮನಿಗೆ ನಿಜ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಅವರ ಗಂಡನ ಹೆಣ ಯಾರು ಹಲಗೆ ಅಡಿಗೆ ಹಾಕಿದರು ಅಂತ. ನೀವು ಹಾಕಿದ್ದರೆ ನನ್ನ ಕೈಯಲ್ಲೇ ನಿಮ್ಮನ್ನ..."

"ಹಿಡಿದು ಕಟ್ಟಬೇಕಾಗುತ್ತೆ. ಹೇಳು, ನಾಚಿಕೆ ಯಾಕೆ? ನಿನ್ನನ್ನ ಪೊಲೀಸಿಗೆ ಸೇರಿಸೋಕೆ ಒಳ್ಳೇ ನಡತೆ ಅಂತ ಸಹಿ ಹಾಕಿದವನು ನಾನೇ ಅಲ್ವಾ. ಈಗ ಅನುಭವಿಸ್ತೀನಿ."

"ತಮಾಷೆ ಬೇಡ."

"ತಮಾಷೆ ಬಿಟ್ಟರೆ ನನ್ನ ಹತ್ತಿರ ಏನೂ ಉಳಿಯಲ್ಲ ಮಗಾ."

ಮುದುಕ ತಲೆಯೆತ್ತಿ ಗಂಟೆಯ ಹಗ್ಗದ ಉದ್ದಕ್ಕೂ ನೋಡಿದ. ನೋಟ ಕತ್ತಲನ್ನು ಮುಟ್ಟಿ ಹಿಂದಿರುಗಿತು.

"ಈ ಹಗ್ಗ ನಾನು ಬದಲಾಯಿಸಿದ್ದು," ಎಂದ. "ಹಳೆಯದನ್ನ ಸುಟ್ಟೆ. ಸವೆದಿತ್ತು ಅಂತ ಸಭೆಗೆ ಹೇಳಿದೆ. ಸವೆದಿರಲಿಲ್ಲ."

ಎವಾಲ್ಡನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಅವನೂ ಮೇಲೆ ನೋಡಿದ, ಥಟ್ಟನೆ ಕಣ್ಣು ಕೆಳಗಿಳಿಸಿದ.

"ಮುಂಜಾವಿನ ಗಂಟೆ ಹೊಡೆಯೋಕೆ ಬಂದೆ. ಮೇಷ್ಟ್ರು ನನಗಿಂತ ಮುಂಚೆ ಬಂದಿದ್ದ." ಮುದುಕನ ದನಿ ಸಮವಾಗಿತ್ತು, ಈ ಮಾತನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡವನ ದನಿ. "ಶಾಲೆ ಬೀಗದ ಕೈ ಕೊಡು ಅಂತ ಕುದುರೆ ಪೊಲೀಸು ಬಂದಿದ್ದನಲ್ಲ, ಡಿಗ್ಬಿ ಅಂತ. ಆಮೇಲೆ ಯುದ್ಧಕ್ಕೆ ಸೇರಿಕೊಂಡನಂತೆ, ವಾಪಸು ಬರಲಿಲ್ಲ. ಆ ಪೊಲೀಸಿನ ಮುಂದೆಯೇ ಹಿರಿಯರ ಕೂಟ ಸೇರಿತು. ಮೇಷ್ಟ್ರು ಹೆಚ್ಚೇನೂ ಕೇಳಲಿಲ್ಲ. ಕ್ರಿಸ್‌ಮಸ್ ತನಕ ಮಕ್ಕಳಿಗೆ ಹಾಡು ಕಲಿಸ್ತೀನಿ, ಚರ್ಚಿನೊಳಗೇ ಕಲಿಸ್ತೀನಿ, ಅಷ್ಟಕ್ಕೆ ನಿಮ್ಮ ಬೆಂಬಲ ಕೊಡಿ ಅಂದ. ಬೇಡ ಅನ್ನೋರು ಕೈಯೆತ್ತಿ ಅಂದರು ಪಾದ್ರಿಗಳು."

"ನೀವು ಎತ್ತಿದಿರಿ."

"ಮೊದಲು ಎತ್ತಿದೆ. ನನ್ನ ಕೈ ನೋಡಿ ಉಳಿದವರು ಎತ್ತಿದರು. ಗ್ರೇಟ್ಸ್ ಎತ್ತಿದ ಅಂತ ನೋಆಕ್ ಕೂಡ ಎತ್ತಿದ, ಅವರಿಬ್ಬರೂ ಒಪ್ಪಿದ್ದು ಅದೊಂದೇ ಸಲ. ಚರ್ಚಿಗೇ ಬೀಗ ಬೀಳುತ್ತೆ ಅನ್ನೋ ಭಯ ನನಗೆ. ಅಜ್ಜ ಹೊತ್ತ ಕಲ್ಲು ಉಳಿಸಿಕೊಂಡೆ."

ಹೊರಗೆ ಯಾರದೋ ಬಂಡಿ ನಿಂತ ಸದ್ದಾಯಿತು. ಹೆಂಗಸರ ಮಾತು, ತಟ್ಟೆಗಳ ಸದ್ದು. ಶವಸಂಸ್ಕಾರದ ಕಾಫಿಗೆ ಸಿದ್ಧತೆ ನಡೆದಿತ್ತು.

"ಅವನನ್ನ ಬೇಲಿ ಬುಡಕ್ಕೆ ಹಾಕಬೇಕಿತ್ತು. ಕಟ್ಟಳೆ ಅದೇ. ಆ ಕಟ್ಟಳೆ ಓದಿ ಹೇಳಬೇಕಾದವನೂ ನಾನೇ." ಮುದುಕ ಎರಡೂ ಅಂಗೈ ಮೊಣಕಾಲ ಮೇಲೆ ಚಾಚಿದ. "ಆಗಲಿಲ್ಲ. ಹಿಂದಿನ ದಿನ ತಾನೇ ಆನ್ನಾ ಶಿರ್ಮರಳನ್ನ ಮಣ್ಣು ಮಾಡಿದ್ವಿ. ಹಸಿ ಮಣ್ಣಿನ ಪಕ್ಕ ಹಸಿ ಮಣ್ಣು, ಯಾರು ನೋಡ್ತಾರೆ? ಮಂಜು ಬೇರೆ ಮುಸುಕಿತ್ತು. ಆಳವಾಗಿ ತೋಡೋಕೆ ಹೊತ್ತಿರಲಿಲ್ಲ, ಮೊಳದಾಳ ಅಷ್ಟೇ. ನಾನೊಬ್ಬನೇ ಅವನನ್ನ ಸಾಲಿನಲ್ಲಿ ಮಲಗಿಸಿದೆ. ನನಗೆ ಬರೋ ಪ್ರಾರ್ಥನೆ ಹೇಳಿದೆ. ಕ್ಲೈನಿಗ್ ಸತ್ತಾಗ ಒಂದು ಜಾಗ ಬಿಟ್ಟು ತೋಡಿದೆ. ಕೇಳಿದವರಿಗೆ ಬಂಡೆ ಅಂದೆ. ಈ ಊರಲ್ಲಿ ನಾನು ಬಂಡೆ ಅಂದ್ರೆ ಬಂಡೆ."

ಎವಾಲ್ಡ್ ಗೋಡೆಗೆ ಒರಗಿದ. ಮೊದಲು ಬಂದದ್ದು ಸಮಾಧಾನ. ಕೊಲೆಯಲ್ಲ. ದೊಡ್ಡಪ್ಪ ಕೊಲೆಗಾರನಲ್ಲ. ಆ ಸಮಾಧಾನದ ಬಗ್ಗೆಯೇ ನಾಚಿಕೆಯೂ ಬೆನ್ನಿಗೇ ಬಂತು.

"ಮತ್ತೆ ಒಟಿಲಿಯಮ್ಮ? ಇಷ್ಟು ವರ್ಷ ಅವರು ಕೊನೇ ಬೆಂಚಲ್ಲಿ ಕೂತರು. ಬಿಟ್ಟುಹೋದವನ ಹೆಂಡತಿ ಅಂತ ಹೆಂಗಸರು ಪಕ್ಕದಲ್ಲಿ ಕೂರಲ್ಲ. ನೀವು ದಿನಾ ನೋಡ್ತಿದ್ರಿ."

"ಬಿಟ್ಟುಹೋದ ಅಂದ್ರೆ ಎಂದಾದರೂ ಬರ್ತಾನೆ ಅನ್ನೋ ಆಸೆಯಾದರೂ ಇರುತ್ತೆ ಅಂದುಕೊಂಡೆ. ಬೇಲಿ ಬುಡದವನ ಹೆಂಡತಿ ಅನ್ನಿಸಿಕೊಳ್ಳೋದಕ್ಕಿಂತ ಇದು ವಾಸಿ ಅಂದುಕೊಂಡೆ." ಮುದುಕ ತಲೆ ಆಡಿಸಿದ. "ಅವಳ ಪರವಾಗಿ ನಾನೇ ಲೆಕ್ಕ ಹಾಕಿಬಿಟ್ಟೆ. ಅವಳನ್ನ ಒಂದು ಮಾತು ಕೇಳಲಿಲ್ಲ."

"ಸೋಮವಾರ ಮೂಳೆ ಸಿಕ್ಕಾಗ ಯಾಕೆ ಬಾಯಿ ಬಿಡಲಿಲ್ಲ? ಅದು ಮೇಷ್ಟರಲ್ಲ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಮಾರನೇ ದಿನ ನೀನು ಬಂದು, ಗುರುತು ಸಿಕ್ಕಿತು, ಮೇಷ್ಟರೇ ಅಂದೆ. ನನಗೇ ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಯೋಚನೆ ಮಾಡಿದೆ. ಯಾರ ಮೂಳೆಯೋ ಏನೋ, ಅದರ ನೆಪದಲ್ಲಾದರೂ ಅವನಿಗೆ ಗಂಟೆ ಬಾರಿಸ್ತಾರೆ, ಹಾಡು ಹೇಳ್ತಾರೆ. ಒಟಿಲಿಯಾ ಇವತ್ತು ಮುಂದಿನ ಬೆಂಚಲ್ಲಿ ಕೂರ್ತಾಳೆ. ಅದನ್ನ ನಾನು ಹೇಗೆ ಕಿತ್ತುಕೊಳ್ಳಲಿ ಮಗಾ, ಎರಡನೇ ಸಲ?"

"ಹಲಗೆ ಹಾಸಿದ್ದು ನೀವು. ಅಡಿಯಲ್ಲಿ ಮನುಷ್ಯನಿದ್ದದ್ದು ನಿಮಗೆ ತಿಳಿಯಲಿಲ್ಲ ಅಂದ್ರೆ ಕೋರ್ಟು ನಗುತ್ತೆ."

"ನಗಲಿ. ನಾನು ಹೋದಾಗ ಮಣ್ಣಿನ ನೆಲವನ್ನ ಯಾರೋ ನೀರು ಚಿಮುಕಿಸಿ, ತಟ್ಟಿ, ಹಸನು ಮಾಡಿಟ್ಟಿದ್ದರು. ನನ್ನ ಅರ್ಧ ಕೆಲಸ ಉಳೀತು ಅಂತ ಸಂತೋಷ ಆಯ್ತು. ಮೇಲೆ ಹಲಗೆ ಹೊಡೆದೆ. ಅಷ್ಟೇ ನಾನು ಬಲ್ಲೆ."

ಎವಾಲ್ಡನಿಗೆ ನಂಬಬೇಕೆಂದು ಆಸೆ. ನಂಬಬೇಕೆಂಬ ಆಸೆ ಇರುವುದರಿಂದಲೇ ನಂಬಲು ಭಯ. ಎದೆಯ ಜೇಬಿಗೆ ಕೈಹಾಕಿದ.

"ಹಾಗಾದರೆ ಇದು ಅಲ್ಲಿಗೆ ಹೇಗೆ ಬಂತು ಹೇಳಿ."

ಕರವಸ್ತ್ರ ಬಿಚ್ಚಿದ. ಶ್ರುತಿಕವೆ ಮುದುಕನ ಮುಂದೆ ಬೆಂಚಿನ ಮೇಲೆ ಕೂತಿತು. ಒಂದು ಕಾಲಿನ ತುದಿ ಬೆಂಚಿಗೆ ತಟ್ಟಿ ತಟ್ಟಿ ಸವೆದಿತ್ತು.

ರೋಲಾಕ್ ಅದನ್ನು ಮುಟ್ಟಲಿಲ್ಲ. ಹಾವು ಕಂಡವನಂತೆ ಬೆಂಚಿನ ಇನ್ನೊಂದು ತುದಿಗೆ ಸರಿದ.

"ಇದು ಎಲ್ಲಿ ಸಿಕ್ಕಿತು?"

"ಮೂಳೆಗಳ ಜೊತೆ. ಮಂಗಳವಾರ."

"ಸುಳ್ಳು."

"ದೊಡ್ಡಪ್ಪ..."

"ಸುಳ್ಳು ಅಂದೆನಲ್ಲ! ಇದನ್ನ ನಾನೇ ಅವನ ಅಂಗೈಲಿಟ್ಟು, ಒಂದೊಂದೇ ಬೆರಳು ಮಡಿಸಿ, ಕೈ ಎದೆ ಮೇಲಿಟ್ಟೆ. ಆಮೇಲೆ ಮಣ್ಣು ಹಾಕಿದೆ. ಇದು ಸಾಲಿನಲ್ಲಿದೆ ಮಗಾ. ಅವನ ಎದೆ ಮೇಲಿದೆ. ಇಲ್ಲಿರೋಕೆ ಸಾಧ್ಯ ಇಲ್ಲ."

ಹೂವಿನ ಕಂಬಳಿಯ ನಡುವೆ, ರೊಟ್ಟಿಯ ತಟ್ಟೆಯಷ್ಟು ಅಗಲದ ಬರಿಯ ಮಣ್ಣು ಎವಾಲ್ಡನ ಕಣ್ಣಿಗೆ ಕಟ್ಟಿತು. ಬಾಡಿದ ಗಡ್ಡೆಗಳು. ಮಲಗಿದವನ ಎದೆ ಬರುವ ಜಾಗ. ಮೊಲವಲ್ಲ.

"ಆ ಜಾಗವನ್ನ ನೀವು ಈಚೆಗೆ ಕೆದಕಿದಿರಾ?"

"ಹುಲ್ಲು ಕೂಡ ಕಿತ್ತಿಲ್ಲ. ಅದರ ಮೇಲೆ ಕಾಲಿಡೋಕೆ ಧೈರ್ಯ ಬೇಕಲ್ಲ."

"ಅಲ್ಲಿ ಮೇಷ್ಟ್ರು ಇರೋದು ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತು?"

"ಯಾರಿಗೂ ಹೇಳಿಲ್ಲ." ಮುದುಕ ತಡೆದ. "ಆದರೆ ನಿನಗೆ ಯಾರು ಹೇಳಿದರು? ಸಾಲು ನೋಡಿದೆ, ತಿಳೀತು. ದಿನಾ ಸಾಲು ನೋಡೋರಿಗೆ ಎಂದಾದರೂ ತಿಳಿಯುತ್ತೆ."

ದಿನಾ ಸಾಲು ನೋಡುವವರು. ಬೆಳಿಗ್ಗೆ ಬೆಳಿಗ್ಗೆ ಚರ್ಚು ಗುಡಿಸಿ, ನೀರು ಚಿಮುಕಿಸಿ, ಕಿಟಕಿಗಳ ಧೂಳು ಒರೆಸುವವರು. ಸ್ಮಶಾನದ ಕಡೆಯ ಕಿಟಕಿಗಳನ್ನೂ.

ಸೋಮವಾರ ಎವಾಲ್ಡ್ ಪಾದ್ರಿಯ ಕೋಣೆಯ ಹಳ್ಳದ ಮಣ್ಣನ್ನು ಮಂಡಿಯೂರಿ ಬೆರಳಿನಿಂದ ಜಾಲಾಡಿದ್ದ. ಮೂಳೆ ಬಿಟ್ಟರೆ ಸಿಕ್ಕಿದ್ದು ಬೂಟಿನ ಹಿಮ್ಮಡಿಯ ಒಂದು ತುಕ್ಕು ಹಿಡಿದ ಲಾಳ ಮಾತ್ರ. ಮಾರನೇ ದಿನ ಅದೇ ಮಣ್ಣನ್ನು ಗುಡಿಸುತ್ತಿದ್ದಾಗ ಶ್ರುತಿಕವೆ ಸಿಕ್ಕಿತೆಂದು ತಂದುಕೊಟ್ಟವಳು ದಿನಾ ಚರ್ಚು ಗುಡಿಸುವ ಒಟಿಲಿಯಾ. ತನ್ನ ಕಣ್ಣು ತಪ್ಪಿತಲ್ಲ ಎಂದು ಅವನು ಅಂದಿನಿಂದ ಕುದಿಯುತ್ತಿದ್ದ. ಆ ಕುದಿಯಲ್ಲೇ ಬೇರೆ ಪ್ರಶ್ನೆ ಕೇಳುವುದನ್ನು ಮರೆತಿದ್ದ. ತಪ್ಪು ತನ್ನದೇ ಎಂದು ನಂಬುವುದು ಅವನಿಗೆ ಎಂದಿನಿಂದಲೂ ಸುಲಭ. ಬೇಕಾದವರು ಅದನ್ನು ಉಪಯೋಗಿಸಿಕೊಳ್ಳಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

ಕಣ್ಣು ತಪ್ಪಿರಲಿಲ್ಲ. ಸೋಮವಾರ ಅದು ಅಲ್ಲಿ ಇರಲೇ ಇಲ್ಲ.

ಅವಳು ಗಂಡನ ಎದೆಯ ಮೇಲಿನ ಮಣ್ಣನ್ನು ತನ್ನ ಕೈಯಿಂದ ಬಗೆದು, ಅವನ ಬೆರಳು ಬಿಡಿಸಿ, ಇದನ್ನು ತಂದು ಇನ್ನಾರದೋ ಮೂಳೆಗಳ ಜೊತೆ ಇಟ್ಟಿದ್ದಳು. ಆ ಮೂಳೆಗಳಿಗೆ ಬೇರೆ ಹೆಸರು ಬರಬಾರದೆಂದು.

ಬೇರೆ ಹೆಸರು ಯಾವುದು?

ಎವಾಲ್ಡ್ ನಿಧಾನವಾಗಿ ಇನ್ನೊಂದು ಜೇಬಿಗೆ ಕೈಹಾಕಿ ಹಿಮ್ಮಡಿಯ ಲಾಳವನ್ನು ತೆಗೆದ. ಮೇಷ್ಟರು ಮೆತ್ತನೆಯ ಅಟ್ಟೆಯ ಚಪ್ಪಟೆ ಷೂ ಹಾಕುತ್ತಿದ್ದರು. ಶಾಲೆಯಲ್ಲಿ ಅವರು ಬೆನ್ನ ಹಿಂದೆ ಬಂದು ನಿಂತರೂ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಅದು ಸೋಮವಾರವೇ ನೆನಪಾಗಿತ್ತು. ಮಂಗಳವಾರ ಶ್ರುತಿಕವೆ ಸಿಕ್ಕಿದ ಮೇಲೆ ಅವನೇ ಆ ನೆನಪನ್ನು ಒತ್ತಿ ಕೂರಿಸಿದ್ದ.

ಬೆಂಚಿನ ಮೇಲೆ ಕಾಲೆತ್ತಿ ಇಟ್ಟ. ತುಕ್ಕು ಹಿಡಿದ ಲಾಳವನ್ನು ತನ್ನ ಬೂಟಿನ ಹಿಮ್ಮಡಿಯ ಮೇಲಿಟ್ಟು ಅಳತೆ ನೋಡಿದ. ಅದೇ ಬಾಗು. ಅದೇ ಮೊಳೆ ತೂತುಗಳು. ಅಂದು ಕುದುರೆ ಪೊಲೀಸಿಗೆ, ಇಂದು ಅವನಿಗೆ ಸರ್ಕಾರ ಕೊಡುವ ಬೂಟು ಇಷ್ಟು ವರ್ಷವಾದರೂ ಬದಲಾಗಿರಲಿಲ್ಲ.

"ಡಿಗ್ಬಿ ಯುದ್ಧಕ್ಕೆ ಸೇರಿದ ಅಂತ ಊರಿಗೆ ಮೊದಲು ಹೇಳಿದವರು ಯಾರು ದೊಡ್ಡಪ್ಪ?" ಎವಾಲ್ಡ್ ಲಾಳವನ್ನು ಕೆಳಗಿಡದೆ ಕೇಳಿದ.

"ಒಟಿಲಿಯಾ..." ಎಂದು ಮುದುಕ ಬಾಯಿ ಮುಚ್ಚುವ ಮುನ್ನ ಬಾಗಿಲು ತೆರೆಯಿತು.

ಒಟಿಲಿಯಾ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು. ಕಾಲರಿನಿಂದ ಅಂಚಿನವರೆಗೆ ಒಂದು ಸುಕ್ಕಿರಲಿಲ್ಲ. ಅವಳ ಹಿಂದೆ, ಬಿಸಿಲಿನಲ್ಲಿ, ಇಷ್ಟು ವರ್ಷ ಅವಳ ಪಕ್ಕ ಕೂರದ ಹೆಂಗಸರು ಅವಳಿಗಾಗಿ ಸಾಲಾಗಿ ಕಾಯುತ್ತಿದ್ದರು.

"ಪಾದ್ರಿಗಳು ಬಂದರು," ಎಂದಳು. "ರೋಲಾಕಣ್ಣ, ಗಂಟೆ ಶುರು ಮಾಡಬಹುದಂತೆ."

ಮುದುಕ ಎದ್ದು ಗೂಟದಿಂದ ಹಗ್ಗ ಬಿಡಿಸಿದ. ಎಳೆಯಲಿಲ್ಲ. ಹಗ್ಗ ಹಿಡಿದ ಕೈ ಮೇಲಕ್ಕೆತ್ತಿ ಎವಾಲ್ಡನ ಕಡೆ ನೋಡಿದ. ಅಂದು ಕೂಟದಲ್ಲಿ ಮೊದಲು ಎದ್ದ ಅದೇ ಕೈ.

"ಹೇಳಪ್ಪ. ಹೊಡೀಲಾ, ಬೇಡವಾ?"

ಎವಾಲ್ಡ್ ಬಾಗಿಲ ಕಡೆ ತಿರುಗಿದ. ಒಟಿಲಿಯಾ ಅವನ ಮುಖ ನೋಡುತ್ತಿರಲಿಲ್ಲ. ಬೆಂಚಿನ ಮೇಲಿದ್ದ ಗಂಡನ ಶ್ರುತಿಕವೆಯನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಅವನ ಹಿಮ್ಮಡಿಯ ಮೇಲೆ, ಅಲ್ಲಿ ಅವನ ಬೆರಳು ಒತ್ತಿ ಹಿಡಿದಿದ್ದ ತುಕ್ಕಿನ ಚೂರಿನ ಮೇಲೆ ನಿಂತಿತ್ತು.

ಅವಳು ಒಳಗೆ ಬಂದು ಬಾಗಿಲು ಮುಚ್ಚಿದಳು.

"ಅದು ನಿಮ್ಮ ಬೂಟಿಂದ ಬಿದ್ದದ್ದು ಅನ್ನಿ ಎವಾಲ್ಡ್," ಎಂದಳು ಬಹಳ ಮೆಲ್ಲಗೆ. "ಹೊರಗೆ ಅವರೆಲ್ಲ ನಿಂತಿದ್ದಾರೆ. ನಿಮ್ಮದೇ ಅಂತ ಅಂದುಬಿಡಿ."